ತಿಪ್ಪೆಯ ಪುಟ್ಟ ಕಣಜಕ್ಕೂ ಹದವಾದ ಬಿಸಿ ಬೇಕು

ಕೊಟ್ಟಿಗೆಯಲ್ಲಿ ನೊಣ ಹೆಚ್ಚಾದರೆ ಹಸು ನೆಮ್ಮದಿಯಾಗಿ ಮೇವು ತಿನ್ನುವುದಿಲ್ಲ, ಹಾಲಿನ ಶುಚಿತ್ವವೂ ಕೆಡುತ್ತದೆ. ನೊಣಕ್ಕೆ ತಿಪ್ಪೆಯಲ್ಲೇ ಒಂದು ಶತ್ರುವಿದೆ. ಅದು ಸ್ಪಲಾಂಜಿಯಾ ಎಂಬ ಪರತಂತ್ರ ಕಣಜ. 2–3 ಮಿ.ಮೀ. ಉದ್ದದ ಈ ಕಪ್ಪು ಕೀಟ ಜನರಿಗಾಗಲಿ ದನಗಳಿಗಾಗಲಿ ತೊಂದರೆ ಕೊಡುವುದಿಲ್ಲ. ಈ ಗುಂಪಿನ ಕಣಜಗಳು ಮಣ್ಣಿನಲ್ಲಿರುವ ಹಣ್ಣುನೊಣದ ಕೋಶಗಳನ್ನೂ ನಾಶ ಮಾಡುತ್ತವೆ.

ನೊಣದ ಮರಿಹುಳ ಬೆಳೆದ ಮೇಲೆ ತಿಪ್ಪೆಯ ಒಣ ಅಂಚಿಗೆ ಬಂದು, ಕಂದು ಬಣ್ಣದ ಕಾಳಿನಂಥ ಕೋಶವಾಗುತ್ತದೆ. ಹೆಣ್ಣು ಕಣಜ ಸಗಣಿಯೊಳಗೆ ನುಸುಳಿ ಆ ಕೋಶದಲ್ಲಿ ಮೊಟ್ಟೆ ಇಡುತ್ತದೆ. ಕಣಜದ ಮರಿ ಒಳಗಿನ ನೊಣವನ್ನು ತಿಂದು ಬೆಳೆಯುತ್ತದೆ.

ಈ ಬೆಳವಣಿಗೆಯ ವೇಗ ತಾಪಮಾನವನ್ನು ಅವಲಂಬಿಸಿದೆ. 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆಯಿಂದ ಕಣಜವಾಗಲು ಸುಮಾರು 3–4 ವಾರ ಬೇಕು. 20 ಡಿಗ್ರಿಗೆ ಇಳಿದರೆ ಹೆಚ್ಚುಕಡಿಮೆ ಎರಡು ಪಟ್ಟು ಸಮಯ ಹಿಡಿಯುತ್ತದೆ. 35 ಡಿಗ್ರಿ ದಾಟಿದರೆ ಬದುಕಿ ಹೊರಬರುವ ಕಣಜಗಳೇ ಕಡಿಮೆ.

ಆದರೆ ಬೆಚ್ಚಗಿನ ದಿನಗಳಲ್ಲಿ ನೊಣ 7–10 ದಿನಗಳಲ್ಲೇ ಬೆಳೆದುಬಿಡುತ್ತದೆ. ಹಾಗಾಗಿ ಮುಂಗಾರು ಶುರುವಾದಾಗ ನೊಣ ಮುಂದೆ, ಕಣಜ ಹಿಂದೆ. ಕಣಜವೊಂದನ್ನೇ ನಂಬಿ ಕೂರುವಂತಿಲ್ಲ. ನೀವು ಹೀಗೆ ಮಾಡಿ:

• ಕೊಟ್ಟಿಗೆಯ ಸಗಣಿ, ಗಂಜಲ, ಉಳಿದ ಮೇವನ್ನು ದಿನವೂ ತೆಗೆಯಿರಿ.
• ಸಗಣಿಯನ್ನು ಗುಂಡಿಯಲ್ಲಿ ಒತ್ತಾಗಿ ಹಾಕಿ ಮುಚ್ಚಿ. ಗೊಬ್ಬರವಾಗುವಾಗ ನಡುಭಾಗ 50 ಡಿಗ್ರಿ ದಾಟುತ್ತದೆ. ಅಲ್ಲಿ ಮರಿಹುಳ ಬದುಕದು.
• ಬೇಸಿಗೆಯಲ್ಲಿ ಗುಂಡಿಗೆ ನೆರಳು ಮಾಡಿ. ಅಂಚಿನಲ್ಲಿರುವ ಕಣಜಗಳಿಗೆ ಬಿಸಿಲಿನ ಝಳ ತಗ್ಗುತ್ತದೆ.
• ಗುಂಡಿ ತೆರವು ಮಾಡುವಾಗ ಒಂದು ಬದಿಯ ಹಳೆಯ ಒಣ ಗೊಬ್ಬರವನ್ನು ಸ್ವಲ್ಪ ಬಿಡಿ. ಕಣಜಗಳ ಮುಂದಿನ ಪೀಳಿಗೆ ಅಲ್ಲಿರುತ್ತದೆ.
• ತಿಪ್ಪೆಗೆ ಕೀಟನಾಶಕ ಸಿಂಪಡಿಸಬೇಡಿ. ಕಣಜ ಸತ್ತರೆ ಮತ್ತೆ ಹೆಚ್ಚಲು ವಾರಗಳು ಬೇಕು. ನೊಣ ಅದಕ್ಕಿಂತ ಬೇಗ ಮರಳುತ್ತದೆ. ಕೊಟ್ಟಿಗೆಯಲ್ಲಿ ಔಷಧಿ ಬಳಸಲೇಬೇಕಾದರೆ ಪಶುವೈದ್ಯರನ್ನು ಕೇಳಿ. ಮೇವು, ನೀರು, ಹಾಲಿನ ಪಾತ್ರೆಗೆ ತಾಗದಂತೆ ನೋಡಿಕೊಳ್ಳಿ.

ನಿಮ್ಮ ತಿಪ್ಪೆಯಲ್ಲಿ ಕಣಜ ಇದೆಯೇ ಎಂದು ತಿಳಿಯಬೇಕೆ? ಅಂಚಿನಿಂದ ಹತ್ತಿಪ್ಪತ್ತು ಖಾಲಿ ಕೋಶಗಳನ್ನು ಆರಿಸಿ ನೋಡಿ. ನೊಣ ಹೊರಬಂದಿದ್ದರೆ ಕೋಶದ ತುದಿ ಮುಚ್ಚಳದಂತೆ ತೆರೆದಿರುತ್ತದೆ. ಸೂಜಿಯಿಂದ ಚುಚ್ಚಿದಂಥ ದುಂಡು ತೂತು ಇದ್ದರೆ ಅದು ಕಣಜ ಹೊರಬಂದ ಗುರುತು.