ಅಂಗೈಯಗಲದ ಯಂತ್ರಕ್ಕೆ ಆಗಾಗ ಬರುವ ಮೂರ್ಛೆ

ಪರಊರುಗಳಲ್ಲಿ ನೆಲೆಸಿರುವ ನಮ್ಮ ಎಷ್ಟೋ ಮನೆಗಳಿಗೆ ಈಚಿನ ವರ್ಷಗಳಲ್ಲಿ ಮಕ್ಕಳ ಮೂಲಕ ಒಂದು ಪುಟ್ಟ ಯಂತ್ರ ಬಂದು ಸೇರಿಕೊಂಡಿದೆ. ನೋಡಲು ಇಸ್ಪೀಟಿನ ಎಲೆಯಷ್ಟು ಅಗಲದ ಒಂದು ಹಸಿರು ಹಲಗೆ. ಅದರ ಮೇಲೆ ಕೆಲವು ಕರಿಯ ಚೌಕಗಳು, ಅಂಚಿನಲ್ಲಿ ತಂತಿ ಸಿಕ್ಕಿಸುವ ಕಿಂಡಿಗಳು. ಇಷ್ಟೇ ಆದರೂ ಅದೊಂದು ಪೂರ್ಣ ಕಂಪ್ಯೂಟರ್. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಎಬೆನ್ ಅಪ್ಟನ್ ಮೊದಲಾದವರು, ಶಾಲೆಯ ಮಕ್ಕಳು ಅಲ್ಪ ವೆಚ್ಚದಲ್ಲಿ ಗಣಕವಿದ್ಯೆ ಕಲಿಯಲೆಂದು ಇದನ್ನು ರೂಪಿಸಿ, 2012ರ ಫೆಬ್ರವರಿ 29ರಂದು 35 ಡಾಲರಿನ ಬೆಲೆಗೆ ಮಾರಾಟಕ್ಕೆ ತಂದರು. ಹೆಸರು ರಾಸ್ಪ್‌ಬೆರಿ ಪೈ. ಈ ‘ಪೈ’ ಪೈಥಾನ್ ಎಂಬ ಗಣಕಭಾಷೆಯಿಂದ ಬಂದುದು; ನಮ್ಮ ಮಂಗಳೂರಿನ ಪೈಗಳಿಗಾಗಲಿ, ಆಣೆಗೆ ಹನ್ನೆರಡರಂತೆ ಹಿಂದೆ ಚಲಾವಣೆಯಲ್ಲಿದ್ದ ಪೈಗಾಗಲಿ ಇದಕ್ಕೆ ಯಾವ ನಂಟೂ ಇಲ್ಲ.

ಮಕ್ಕಳ ಪಾಠಕ್ಕೆಂದು ತಂದ ಯಂತ್ರ ಬರಬರುತ್ತ ಮನೆಯ ಭಂಡಾರವಾಗುವುದುಂಟು. ಮದುವೆಯ ಭಾವಚಿತ್ರಗಳು, ಕ್ಯಾಸೆಟ್ಟಿನಿಂದ ಇಳಿಸಿಕೊಂಡ ನಾಟಕಗಳು, ಊರಿನ ಹಿರಿಯರ ಧ್ವನಿ, ಎಲ್ಲವೂ ಅದರಲ್ಲಿ ಹೋಗಿ ಕೂಡುತ್ತವೆ. ಹೀಗಿರುವಾಗ ಒಂದು ದಿನ ಅದು ಕಾರಣವಿಲ್ಲದೆ ನಿಂತುಬಿಡುತ್ತದೆ. ಮತ್ತೆ ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಎರಡು ದಿನದ ಮೇಲೆ ಪುನಃ ಅದೇ ಪಾಡು. ಪೂರ್ತಿ ಕೆಟ್ಟುಹೋದ ಯಂತ್ರವನ್ನು ಬದಲಾಯಿಸಿ ಕೈತೊಳೆದುಕೊಳ್ಳಬಹುದು. ಹೀಗೆ ಆಗಾಗ ಮೂರ್ಛೆ ಹೋಗುವುದೇ ತಲೆಬೇನೆ.

ಇಂಥ ಸಮಯದಲ್ಲಿ ಬಹು ಮಂದಿ ಮೊದಲು ದೂರುವುದು ಹಲಗೆಯನ್ನು, ಇಲ್ಲವೆ ಅದರೊಳಗಿನ ಕ್ರಮವಿಧಿಗಳನ್ನು. ನಮ್ಮ ಅನುಭವದಲ್ಲಿ ಹತ್ತಕ್ಕೆ ಆರೇಳು ಸಲ ಅಪರಾಧಿ ಬೇರೆ ಕಡೆ ಇರುತ್ತದೆ: ಗೋಡೆಗೂ ಹಲಗೆಗೂ ನಡುವಿನ ಆ ಒಂದು ಗಜ ತಂತಿಯಲ್ಲಿ.

“ಅದೇ ಚಾರ್ಜರಿನಿಂದ ನಮ್ಮ ಫೋನು ಸರಿಯಾಗಿ ತುಂಬುತ್ತದಲ್ಲ?” ಎಂದು ಕೇಳುವವರಿದ್ದಾರೆ. ತುಂಬುತ್ತದೆ, ನಿಜ. ಆದರೆ ಫೋನಿಗೆ ಬ್ಯಾಟರಿ ಇದೆ. ನಲ್ಲಿಯ ನೀರು ಸಣ್ಣಗೆ ಬಂದರೂ ಬಿಂದಿಗೆ ಇಟ್ಟವರಿಗೆ ಚಿಂತೆಯಿಲ್ಲ. ತುಸು ತಡವಾಗಿ ತುಂಬೀತು. ನಲ್ಲಿಗೇ ಬಾಯಿ ಒಡ್ಡಿ ಕುಡಿಯುವವನ ಗತಿ ಹಾಗಲ್ಲ. ಈ ಪುಟ್ಟ ಯಂತ್ರಕ್ಕೆ ಬಿಂದಿಗೆಯಿಲ್ಲ. ಅದಕ್ಕೆ ಬೇಕಾದದ್ದು 5 ವೋಲ್ಟಿನ ಒತ್ತಡ, ಅದೂ ಕ್ಷಣಕ್ಷಣವೂ. ಒತ್ತಡ ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಯಂತ್ರವು ತನಗೆ ಸಾಲದೆಂದು ಸೂಚನೆ ಕೊಡುತ್ತದೆ. ತೆರೆ ಜೋಡಿಸಿದ್ದರೆ ಅದರ ಮೂಲೆಯಲ್ಲಿ ಮಿಂಚಿನ ಚಿಹ್ನೆಯೊಂದು ಮೂಡುತ್ತದೆ. ಅನೇಕರ ಯಂತ್ರಕ್ಕೆ ತೆರೆಯೇ ಇಲ್ಲದ ಕಾರಣ ಆ ಮಿಂಚು ಯಾರ ಕಣ್ಣಿಗೂ ಬೀಳುವುದಿಲ್ಲ.

ತಂತಿಯಲ್ಲಿ ಒತ್ತಡ ಹೇಗೆ ಸೋರುತ್ತದೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಅಗ್ಗದ ಕೇಬಲ್ಲುಗಳೊಳಗೆ ಅನೇಕ ವೇಳೆ 28 ಗೇಜಿನ ತಾಮ್ರದ ಎಳೆ ಇರುತ್ತದೆ. ಇದಕ್ಕೆ ಮೀಟರಿಗೆ ಸುಮಾರು 0.21 ಓಮ್ ಪ್ರತಿರೋಧ. ಕೇಬಲ್ಲು ಒಂದು ಮೀಟರಾದರೂ ವಿದ್ಯುತ್ತು ಹೋಗಿ ಹಿಂದಿರುಗಬೇಕಾದ್ದರಿಂದ ದಾರಿ ಎರಡು ಮೀಟರು, ಪ್ರತಿರೋಧ 0.42 ಓಮ್. 2019ರಲ್ಲಿ ಬಂದ ನಾಲ್ಕನೆಯ ಪೈ ಸುಮ್ಮನೆ ಕುಳಿತಾಗ 0.6 ಆಂಪಿಯರಿನ ಆಸುಪಾಸು ಎಳೆಯುತ್ತದೆ. ಆಗ ತಂತಿಯಲ್ಲಿ ಕಾಲು ವೋಲ್ಟು ಕಳೆದು, ಚಾರ್ಜರು ಕೊಟ್ಟ 5.1 ವೋಲ್ಟಿನಲ್ಲಿ 4.85 ಮುಟ್ಟುತ್ತದೆ, ಬಾಧಕವಿಲ್ಲ. ಕೆಲಸ ಹೆಚ್ಚಿ 1.25 ಆಂಪಿಯರು ಎಳೆದ ಗಳಿಗೆಯಲ್ಲಿ ಅರ್ಧ ವೋಲ್ಟಿಗೂ ಮಿಕ್ಕಿ ನಷ್ಟವಾಗಿ, ಉಳಿಯುವುದು 4.57 ಮಾತ್ರ. ಸುಮ್ಮನಿದ್ದಾಗ ಆರೋಗ್ಯ, ದುಡಿದಾಗ ಮೂರ್ಛೆ ಎಂಬ ಒಗಟಿನ ಅರ್ಥ ಇದೇ. ಅದೇ ಉದ್ದದ 20 ಗೇಜಿನ ದಪ್ಪ ತಂತಿಯಾದರೆ ಕಳೆಯುವುದು 0.08 ವೋಲ್ಟು. ಚಾರ್ಜರಿನ ಮೇಲೆ ‘3 ಆಂಪಿಯರ್’ ಎಂದು ಅಚ್ಚಾಗಿದ್ದ ಮಾತ್ರಕ್ಕೆ ಈ ಸೋರಿಕೆ ನಿಲ್ಲುವುದಿಲ್ಲ.

ಮೀಟರು ಹಿಡಿದು ಅಳೆಯೋಣವೆನ್ನುವವರಿಗೆ ಒಂದು ಎಚ್ಚರಿಕೆ. ಹಲಗೆಯ ಅಂಚಿನ ಸೂಜಿಸಾಲಿನಲ್ಲಿ 5 ವೋಲ್ಟಿನ ಸೂಜಿಯ ಮಗ್ಗುಲಲ್ಲೇ 3.3 ವೋಲ್ಟಿನದೂ ಇದೆ. ಕೈ ಜಾರಿ ಎರಡೂ ಒಂದಾದರೆ ಯಂತ್ರವೇ ಸುಟ್ಟೀತು. ಮೇಲಾಗಿ, ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಇಳಿದು ಏರುವ ಒತ್ತಡವನ್ನು ಮನೆಯ ಮೀಟರು ತೋರಿಸಲಾರದು. ಅದಕ್ಕಿಂತ ಯಂತ್ರವನ್ನೇ ಕೇಳುವುದು ಲೇಸು. ವಿ-ಸಿ-ಜಿ-ಇ-ಎನ್-ಸಿ-ಎಂ-ಡಿ ಎಂಬ ಎಂಟು ಅಕ್ಷರ ಕೂಡಿಸಿ ಬರೆದು, ತೆರಪು ಬಿಟ್ಟು, ‘ಗೆಟ್’ ‘ಥ್ರಾಟಲ್ಡ್’ ಎಂಬೆರಡನ್ನು ಅಡಿಗೆರೆಯಿಂದ ಬೆಸೆದು ಆಜ್ಞೆ ಕೊಟ್ಟರೆ ಒಂದು ಸಂಕೇತ ಬರುತ್ತದೆ. ‘0ಎಕ್ಸ್0’ ಎಂದರೆ ಕ್ಷೇಮ. ‘0ಎಕ್ಸ್50005’ ಎಂದರೆ ಈ ಗಳಿಗೆಯಲ್ಲೇ ಒತ್ತಡ ಸಾಲದು, ಓಟವೂ ತಗ್ಗಿದೆ. ‘0ಎಕ್ಸ್50000’ ಎಂದರೆ ಈಗ ಸರಿಯಿದ್ದರೂ, ಚಾಲೂ ಮಾಡಿದಂದಿನಿಂದ ಒಮ್ಮೆಯಾದರೂ ಹಾಗಾಗಿತ್ತು. ಆರಿಸಿ ಹೊತ್ತಿಸಿದೊಡನೆ ಈ ನೆನಪು ಅಳಿಸಿಹೋಗುವುದರಿಂದ, ಯಂತ್ರ ಓಡುತ್ತಿರುವಾಗಲೇ ಆಗಾಗ ಕೇಳಿ ಬರೆದಿಟ್ಟುಕೊಳ್ಳಬೇಕು.

ಪುಣೆಯಲ್ಲಿ ನಮಗೆ ಬೇಕಾದವರ ಮನೆಯೊಂದರಲ್ಲಿ ನಡೆದುದನ್ನು ಇಲ್ಲಿ ಹೇಳಬೇಕು. ಅವರ ಪೈಯಲ್ಲಿ ಧಾರವಾಡದ ಕಡೆಯ ಅಜ್ಜಿಯೊಬ್ಬರು ಹಾಡಿದ ಬೀಸುವ ಪದಗಳಿದ್ದವು. ಅಜ್ಜಿ 2021ರಲ್ಲಿ ತೀರಿಹೋದ ಮೇಲೆ ಆ ಧ್ವನಿಯೇ ಮನೆಯವರಿಗೆ ಉಳಿದ ಆಸ್ತಿ. ಯಂತ್ರ ವಾರದಲ್ಲಿ ಎರಡು ಮೂರು ಸಲ ರಾತ್ರಿ ನಿಂತುಹೋಗುತ್ತಿತ್ತು. ಎರಡು ಹೊಸ ಕಾರ್ಡು ಕೊಂಡರು, ಮೂರು ಬಾರಿ ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಿದರು, ಬೀಸಣಿಗೆ ಕೂಡ ಹಾಕಿಸಿದರು. ಇಷ್ಟರ ನಡುವೆ ಹನ್ನೊಂದು ನಿಮಿಷದ ಒಂದು ಪದ ತೆರೆಯದಂತಾಯಿತು. ಹುಬ್ಬಳ್ಳಿಯಲ್ಲಿದ್ದ ಮಗಳ ಫೋನಿನಲ್ಲಿ ಅದರ ಪ್ರತಿಯೊಂದು ಉಳಿದಿದ್ದುದು ಪುಣ್ಯ.

ಆ ಮನೆಯ ಹುಡುಗಿ ಕಡೆಗೆ ಒಂದು ನೋಟುಪುಸ್ತಕ ಹಿಡಿದು, ಯಂತ್ರ ನಿಂತ ದಿನ, ವೇಳೆ, ಆಗ ಅದು ಮಾಡುತ್ತಿದ್ದ ಕೆಲಸ ಇವುಗಳನ್ನು ಬರೆಯತೊಡಗಿದಳು. ಮೂರು ವಾರದಲ್ಲಿ ಸಂಗತಿ ತಾನಾಗಿ ಹೊರಬಿತ್ತು: ನಿಂತದ್ದೆಲ್ಲ ರಾತ್ರಿ ಎರಡರ ಸುಮಾರಿಗೆ, ಹೊರಗಿನ ಡಿಸ್ಕಿಗೆ ಪ್ರತಿ ಇಳಿಸುವ ಹೊತ್ತಿನಲ್ಲಿ. ಆ ಡಿಸ್ಕು ಕೂಡ ಪೈಯಿಂದಲೇ ವಿದ್ಯುತ್ತು ಕುಡಿಯುವಂಥದು. ಪ್ರತಿ ಇಳಿಸುತ್ತಿರುವಾಗ ಕೇಳಿದರೆ ಸಂಕೇತ ‘0ಎಕ್ಸ್50005’. ಕೇಬಲ್ಲು ಎರಡು ಮೀಟರು, ಹೂಮಾಲೆಯ ದಾರಕ್ಕಿಂತ ತುಸು ದಪ್ಪ. ಚಾರ್ಜರನ್ನೂ ಕಾರ್ಡನ್ನೂ ಮುಟ್ಟದೆ, ಕೇಬಲ್ಲೊಂದನ್ನೇ ಅರ್ಧ ಮೀಟರಿನ ದಪ್ಪ ತಂತಿಗೆ ಬದಲಿಸಿದರು. ಆಮೇಲೆ ಅದು ನಿಂತಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಿದ್ದು ಆ ಹುಡುಗಿಯ ಜಾಣತನ. ಕಾರ್ಡು, ಕೇಬಲ್ಲು, ಚಾರ್ಜರು ಮೂರನ್ನೂ ಒಟ್ಟಿಗೆ ಬದಲಿಸಿದ್ದರೆ ಯಂತ್ರ ಸರಿಯಾದರೂ ಕಾರಣ ಯಾವುದೆಂದು ತಿಳಿಯದು. ಕಾಯುವುದಕ್ಕೂ ಒಂದು ಅಳತೆ ಬೇಕು: ಎರಡು ದಿನಕ್ಕೊಮ್ಮೆ ನಿಲ್ಲುವ ಯಂತ್ರ ಒಂದು ದಿನ ಓಡಿತೆಂದು ಹಿಗ್ಗಬಾರದು, ಒಂದು ವಾರವಾದರೂ ನೋಡಬೇಕು.

ಕಾರ್ಡಿನ ಮಾತೂ ಉಂಟು. ಅದರೊಳಗಿನ ಸ್ಮೃತಿಕೋಶಗಳು ಬರೆದು ಅಳಿಸಿ ಬರೆದು ಸವೆಯುವಂಥವು. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಅರ್ಧ ಬರೆದ ಪುಟ ಹಾಗೆಯೇ ಉಳಿದೀತು. ಹೀಗೆ ಕಾರ್ಡು ಕೆಟ್ಟಂತೆ ಕಂಡರೂ ಅದನ್ನು ಕೆಡಿಸಿದ್ದು ದುರ್ಬಲ ತಂತಿಯಾಗಿರಬಹುದು. ಪೇಟೆಯಲ್ಲಿ 16 ಗಿಗಾಬೈಟಿನ ಒಡಲಿಗೆ 128ರ ಚೀಟಿ ಅಂಟಿಸಿದ ನಕಲಿ ಕಾರ್ಡುಗಳೂ ಸಿಗುತ್ತವೆ. ಮೊದಲ 16ರವರೆಗೆ ಸಾಧುವಾಗಿ ನಡೆದು, ಆ ಮೇಲೆ ಬರೆದುದನ್ನೆಲ್ಲ ಅದು ನುಂಗುತ್ತದೆ. ಕಾರ್ಡಿನ ತುಂಬ ಬರೆದು ಮರಳಿ ಓದಿ ತಾಳೆ ನೋಡುವ ‘ಎಫ್3’ ಎಂಬ ಉಪಕರಣ ಉಚಿತವಾಗಿಯೇ ದೊರೆಯುತ್ತದೆ. ಈ ಪರೀಕ್ಷೆ ಮಾಡುವುದು ಖಾಲಿ ಕಾರ್ಡಿನ ಮೇಲೆ. ಹಾಡು, ಚಿತ್ರ ಇರುವ ಕಾರ್ಡಾದರೆ, ಯಾವ ತನಿಖೆಗೂ ಕೈಹಾಕುವ ಮುಂಚೆ ಅದನ್ನು ಹೊರತೆಗೆದು ಬೇರೆ ಕಂಪ್ಯೂಟರಿನಲ್ಲಿ ಪೂರ್ತಿ ಪ್ರತಿ ಮಾಡಿಕೊಳ್ಳತಕ್ಕದ್ದು.

ಸೆಕೆಯ ವಿಚಾರ ಬೇಗ ಮುಗಿಯುತ್ತದೆ. 80 ಡಿಗ್ರಿ ಮುಟ್ಟಿದಾಗ ಪೈ ತಾನಾಗಿ ಓಟ ತಗ್ಗಿಸುತ್ತದೆ. ಅದು ನಿಧಾನವೇ ಹೊರತು ಮೂರ್ಛೆಯಲ್ಲ. ಕೋಣೆಗಿಂತ 45 ಡಿಗ್ರಿ ಹೆಚ್ಚು ಬಿಸಿಯಾಗುವ ಯಂತ್ರ ಪುಣೆಯ ಡಿಸೆಂಬರಿನ 22ರಲ್ಲಿ 67ಕ್ಕೆ ನಿಂತರೆ, ಚೆನ್ನೈಯ ಮೇ ತಿಂಗಳ 37ರಲ್ಲಿ 82 ಮುಟ್ಟುತ್ತದೆ. ಹಿಂದೆ ರೇಡಿಯೋಕ್ಕೆ ಕಸೂತಿಯ ಹೊದಿಕೆ ಹಾಕುತ್ತಿದ್ದ ಮನೆಗಳಲ್ಲಿ ಇದಕ್ಕೂ ಒಂದು ಹೊಲಿದುಕೊಟ್ಟವರನ್ನು ಬಲ್ಲೆವು. ಹೊದಿಕೆ ಚೆಲುವಾಗಿತ್ತು, ಯಂತ್ರಕ್ಕೆ ಉಸಿರು ಕಟ್ಟಿತ್ತು.

ಹಾಗಾದರೆ ಹಲಗೆ ಎಂದೂ ತಪ್ಪುವುದಿಲ್ಲವೇ? ತಪ್ಪಿದ್ದುಂಟು. 2019ರ ಜೂನಿನಲ್ಲಿ ಹೊರಬಂದ ನಾಲ್ಕನೆಯ ಪೈಯ ಮೊದಲ ಹಲಗೆಗಳಲ್ಲಿ, ವಿದ್ಯುತ್ತಿನ ಕಿಂಡಿಗೆ ಎರಡು ಪ್ರತಿರೋಧಕಗಳಿರಬೇಕಾದ ಕಡೆ ಒಂದೇ ಇತ್ತು. ಅದರಿಂದ ಕೆಲವು ದುಬಾರಿ ಕೇಬಲ್ಲು ಸಿಕ್ಕಿಸಿದರೆ, ಎದುರಿಗಿರುವುದು ಕಿವಿಗೆ ಹಾಕುವ ಸಾಧನವೆಂದು ಭ್ರಮಿಸಿ ಚಾರ್ಜರು ವಿದ್ಯುತ್ತನ್ನೇ ಕೊಡುತ್ತಿರಲಿಲ್ಲ. ಅಗ್ಗದ ಕೇಬಲ್ಲಾದರೆ ನಡೆಯುತ್ತಿತ್ತು! ತಯಾರಕರು ತಪ್ಪನ್ನು ಒಪ್ಪಿಕೊಂಡು ಮುಂದಿನ ಹಲಗೆಗಳಲ್ಲಿ ತಿದ್ದಿದರು.

ಇದಕ್ಕೂ ಸೋಜಿಗದ್ದು 2015ರ ಫೆಬ್ರವರಿಯದು. ಎರಡನೆಯ ಪೈ ಆಗತಾನೆ ಬಂದಿತ್ತು. ಬಳಕೆದಾರರೊಬ್ಬರು ತಮ್ಮ ಹೊಸ ಯಂತ್ರದ ಚಿತ್ರ ತೆಗೆಯಹೋದರೆ, ಕ್ಯಾಮರಾದ ಬೆಳಕು ಮಿಂಚಿದೊಡನೆ ಯಂತ್ರ ಆರಿಹೋಯಿತು. ಮತ್ತೆ ಮಿಂಚಿಸಿದರೆ ಮತ್ತೆ ಆರಿತು. ಫೋನಿನ ಎಲ್‌ಇಡಿ ಬೆಳಕಿಗೆ ಹೀಗಾಗುತ್ತಿರಲಿಲ್ಲ. ಜೆನಾನ್ ದೀಪದ ಪ್ರಖರ ಮಿಂಚಿಗೆ ಮಾತ್ರ. ಹುಡುಕಿದಾಗ ‘ಯು16’ ಎಂದು ಗುರುತಿಸಿದ, ವಿದ್ಯುತ್ತನ್ನು ಹದಗೊಳಿಸುವ ಒಂದು ಸಣ್ಣ ಚಿಪ್ಪು ಸಿಕ್ಕಿಬಿದ್ದಿತು. ಕರಿಯ ಪ್ಲಾಸ್ಟಿಕ್ಕಿನ ಕವಚವಿಲ್ಲದೆ ಅದರ ಸಿಲಿಕಾನು ಬರಿಮೈಯಾಗಿದ್ದುದರಿಂದ, ಬೆಳಕು ನೇರವಾಗಿ ತಾಕಿ ಒಳಗಿನ ವಿದ್ಯುತ್ತನ್ನು ಕದಡುತ್ತಿತ್ತು. ಗೋಡೆಗೆ ಚಿತ್ರ ಅಂಟಿಸುವ ಮೆದು ಅಂಟಿನ ಒಂದು ಉಂಡೆಯನ್ನು ಆ ಚಿಪ್ಪಿನ ಮೇಲೆ ಒತ್ತಿದರೆ, ಎಷ್ಟು ಸಲ ಮಿಂಚಿಸಿದರೂ ಯಂತ್ರ ಅಲುಗುತ್ತಿರಲಿಲ್ಲ.