ತೀವ್ರ ನಿಗಾ ಯಾರಿಗೆ ಬೇಕು?

ಊರು ಬಿಟ್ಟು ಬಂದವನು ಪರಸ್ಥಳದಲ್ಲಿ ಹಾಸಿಗೆ ಹಿಡಿದರೆ, ಒಂದೇ ಖೋಲಿಯಲ್ಲಿರುವ ಜೊತೆಗೆಲಸದವರೇ ಅವನಿಗೆ ಬಂಧುಗಳು. "ಐ.ಸಿ.ಯು.ಗೆ ಸೇರಿಸಬೇಕು, ಸಹಿ ಮಾಡಿ" ಎಂದು ವೈದ್ಯರು ಹೇಳಿದೊಡನೆ ಅವರ ಎದೆ ನಡುಗುವುದು ಸಹಜ. ಐ.ಸಿ.ಯು. ಎಂದರೆ ಸಾವಿನ ಹೊಸ್ತಿಲೆಂಬ ಭಾವನೆಯೇ ಇದಕ್ಕೆ ಕಾರಣ. ಆದರೆ ಅದು ಹುಟ್ಟಿದ್ದೇ ಬದುಕಿಸಲೆಂದು.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಾವಳಿಯೆದ್ದಿತು. ಉಸಿರಾಟದ ಶಕ್ತಿ ಕುಂದಿ ಯಂತ್ರದ ಆಸರೆ ಪಡೆದ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಆಗ ಅರಿವಳಿಕೆ ತಜ್ಞರಾದ ಬ್ಯೋರ್ನ್ ಇಬ್ಸೆನ್ ಅವರು, ಕೊರಳಿನಲ್ಲಿ ರಂಧ್ರಮಾಡಿ ನಳಿಗೆಯಿಟ್ಟು, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ತುಂಬುವ ಮಾರ್ಗವನ್ನು ತೋರಿಸಿದರು. ವೈದ್ಯವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳೂ ಚೀಲವನ್ನು ಒತ್ತಿದರು. ಸಾವುಗಳು ಬಹಳವಾಗಿ ಇಳಿದವು. 1953ರಲ್ಲಿ ಇಬ್ಸೆನ್ ಅದೇ ನಗರದಲ್ಲಿ ತೀವ್ರ ನಿಗಾ ವಿಭಾಗವನ್ನು ಆರಂಭಿಸಿದರು.

ಎಲ್ಲ ರೋಗಿಗಳಿಗೂ ಒಂದೇ ಬಗೆಯ ಆರೈಕೆ ಬೇಕಿಲ್ಲ. 2000ದಲ್ಲಿ ಇಂಗ್ಲೆಂಡು ಇದನ್ನು ನಾಲ್ಕು ಹಂತಗಳಾಗಿ ವಿಂಗಡಿಸಿತು. ಸಾಮಾನ್ಯ ವಾರ್ಡಿನ ಆರೈಕೆ ಸಾಕಾಗುವವರದು ಸೊನ್ನೆಯ ಹಂತ. ಸ್ಥಿತಿ ಕೆಡುವ ಸಂಭವವಿರುವವರು ಹಾಗೂ ಮೇಲಿನ ಹಂತದಿಂದ ಚೇತರಿಸಿಕೊಂಡು ಬಂದವರು ಒಂದನೆಯ ಹಂತದವರು. ಒಂದು ಅಂಗ ಸೋತು ಆಸರೆ ಬೇಡುವವರಿಗೆ, ದೊಡ್ಡ ಶಸ್ತ್ರಕ್ರಿಯೆಯ ಬಳಿಕ ಕಣ್ಗಾವಲು ಬೇಕಾದವರಿಗೆ ಎರಡನೆಯದು. ಅಲ್ಲಿ ಸಾಮಾನ್ಯವಾಗಿ ಇಬ್ಬರು ರೋಗಿಗಳಿಗೆ ಒಬ್ಬ ದಾದಿ. ಶ್ವಾಸಯಂತ್ರದ ನೆರವಿಲ್ಲದೆ ಉಸಿರಾಡಲಾಗದವರಿಗೆ, ಎರಡು ಅಥವಾ ಹೆಚ್ಚು ಅಂಗಗಳು ಸೋತವರಿಗೆ ಮೂರನೆಯದು. ಅಲ್ಲಿ ರೋಗಿಗೊಬ್ಬ ದಾದಿ. ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿಯೂ ವಾರ್ಡು ಮತ್ತು ಐ.ಸಿ.ಯು. ನಡುವೆ ಎಚ್.ಡಿ.ಯು. ಎಂಬ ವಿಭಾಗವಿರುವುದುಂಟು.

ರೋಗದ ಹೆಸರಾಗಲಿ, ರೋಗಿಯ ಅಂತಸ್ತಾಗಲಿ ಇಲ್ಲಿ ಮುಖ್ಯವಲ್ಲ. ಸೋತ ಅಂಗಕ್ಕೆ ಆಸರೆ ಬೇಕೆ ಎಂಬುದೇ ಮುಖ್ಯ. 2024ರ ಜನವರಿಯಲ್ಲಿ ಬೆಳಕಿಗೆ ಬಂದ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೂ ಅಂಗವೈಫಲ್ಯವನ್ನೂ ಸ್ಥಿತಿ ಕೆಡುವ ಸಂಭವವನ್ನೂ ಪ್ರವೇಶಕ್ಕೆ ಆಧಾರವಾಗಿಟ್ಟಿದೆ. ತಿಳಿದು ನಿರಾಕರಿಸುವ ರೋಗಿಯನ್ನು, ರೋಗಿಯ ಪರವಾಗಿ ಆಪ್ತಬಂಧು ನಿರಾಕರಿಸಿದವನನ್ನು ಸೇರಿಸಬಾರದೆಂದೂ ಅದು ಹೇಳುತ್ತದೆ.

ಆದುದರಿಂದ ಅಂಥ ಪ್ರಸಂಗ ಬಂದಾಗ ವೈದ್ಯರನ್ನು ಮೂರು ಮಾತು ಕೇಳಿರಿ: ಯಾವ ಅಂಗ ಸೋತಿದೆ? ಏನು ಆಸರೆ ಕೊಡುವಿರಿ? ಏನು ಸುಧಾರಿಸಿದರೆ ವಾರ್ಡಿಗೆ ಕಳುಹಿಸುವಿರಿ? ಉಸಿರೇ ಕಟ್ಟುತ್ತಿದ್ದರೆ ಮೊದಲು ಚಿಕಿತ್ಸೆ ನಡೆಯಲಿ, ಮಾತು ಅನಂತರವಾಗಲಿ. ಗುಣಮುಖನಾಗಿ ವಾರ್ಡಿಗೆ ಮರಳಿದವನನ್ನು ಕಂಡು "ಕೈಬಿಟ್ಟರೇ?" ಎಂದು ಮರುಗಬೇಡಿರಿ, ಅದು ಊರಿನವರಿಗೆ ಮುಟ್ಟಿಸಬೇಕಾದ ಶುಭವಾರ್ತೆ.