ನಿವೃತ್ತಿಯ ಹಣದಲ್ಲೂ ದಶಮಾಂಶವೇ?

ಆದಾಯದ ಹತ್ತರಲ್ಲೊಂದು ಪಾಲನ್ನು ದೇವರಿಗೆ ಕೊಡುವ ಕ್ರೈಸ್ತರ ರೂಢಿಯೇ ದಶಮಾಂಶ. ನಿವೃತ್ತಿಯಾದಾಗ ಬರುವ ಭವಿಷ್ಯನಿಧಿಯಲ್ಲೂ ಇದನ್ನು ತೆಗೆಯಬೇಕೇ? ನೀವೇ ಲೆಕ್ಕ ಹಾಕಿ ನೋಡಿ. ಮೂಲವೇತನ 10,000 ರೂಪಾಯಿ ಇದ್ದರೆ ಶೇಕಡಾ 12ರಂತೆ 1,200 ನಿಧಿಗೆ ಹೋಗುತ್ತದೆ. ಪೂರ್ತಿ ವೇತನಕ್ಕೆ 1,000 ಕೊಟ್ಟವರು ಆ 1,200ಕ್ಕೂ ಆಗಲೇ ಕೊಟ್ಟಂತಾಯಿತು. ಅವರಿಗೆ ಹೊಸ ಆದಾಯವೆಂದರೆ ಬಡ್ಡಿ ಮತ್ತು ಮಾಲೀಕರು ಸೇರಿಸಿದ ಪಾಲು ಮಾತ್ರ. ಕೈಗೆ ಬಂದ 8,800ಕ್ಕೆ 880 ಕೊಟ್ಟವರಿಗೆ ಇಡೀ ಗಂಟಿನ ಲೆಕ್ಕ ಬಾಕಿ.

ಹಾಗೆಂದು ಮುಪ್ಪಿನ ಗಂಟು ಕರಗಿಸಿ ಮಕ್ಕಳ ಮುಂದೆ ಕೈಯೊಡ್ಡುವುದು ನನಗಂತೂ ಸರಿ ಕಾಣದು. ದೇವರಿಗೆ ಮುಡಿಪೆಂದು ಹೇಳಿ ತಂದೆತಾಯಿಗೆ ನೆರವಾಗದವರನ್ನು ಯೇಸು ಖಂಡಿಸಿದ್ದು ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿದೆ. ಇನ್ನೊಂದು ಸ್ವಾರಸ್ಯ: ಹಳೆಯ ಒಡಂಬಡಿಕೆಯಲ್ಲಿ ದಶಮಾಂಶದಿಂದಲೇ ಬದುಕುತ್ತಿದ್ದ ಲೇವಿಯರಿಗೆ 50ನೇ ವಯಸ್ಸಿಗೆ ಭಾರದ ಸೇವೆಯಿಂದ ನಿವೃತ್ತಿ, ಮೂರನೇ ವರ್ಷದ ಪಾಲು ವಿಧವೆಯರಿಗೂ ಅನಾಥರಿಗೂ ಸಲ್ಲಬೇಕಿತ್ತು.